ಹಳೇ ಕಾಲುವೆ ದಂಡೆ ಮೇಲೆ ವೀಲ್‌ಚೇರ್ ಹೋಗುತ್ತಾ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಇದೆ, ಜೊತೆಗೆ ಸಣ್ಣ ಹೋಂಸ್ಟೇ ನಡೆಸುತ್ತೇವೆ. ಆರು ವರ್ಷದ ಹಿಂದೆ ನನ್ನ ತಮ್ಮ ಅಡಿಕೆ ಕೊನೆ (ಗೊಂಚಲು) ಕೊಯ್ಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಇಲ್ಲ, ವೀಲ್‌ಚೇರ್ ಬಳಸುತ್ತಾನೆ. ಅಂದಿನಿಂದ ಅವನು ತೋಟದಾಚೆಯ ಹಳ್ಳ ನೋಡಿಲ್ಲ. ಮನೆಯಿಂದ ಹಳ್ಳದ ತನಕ ಕಾಡಿನೊಳಗೆ ಒಂದು ದಾರಿ ಮಾಡಬೇಕು ಅಂತ ಆಸೆ. ಹೋಂಸ್ಟೇಗೆ ಬರುವ ವಯಸ್ಸಾದವರಿಗೂ ಅನುಕೂಲ ಆಗುತ್ತೆ. ಈಗಿರುವ ಕಾಲುಹಾದಿ ಕಡಿದು, ಬೇರು, ಕಲ್ಲು ಜಾಸ್ತಿ. ಸಿಮೆಂಟ್ ಹಾಕಿಸಿಬಿಡಿ ಅಂತಾರೆ ಕಂಟ್ರಾಕ್ಟರ್. ಕಾಡು ಹಾಳಾಗುತ್ತೆ ಅಂತ ಅಪ್ಪನಿಗೆ ಬೇಸರ. ಎಷ್ಟು ಏರು ಇರಬಹುದು? ನೆಲಕ್ಕೆ ಏನು ಹಾಕಬೇಕು? ಅರಣ್ಯ ಇಲಾಖೆಯ ತಕರಾರು ಬರುತ್ತಾ? ಹಳ್ಳದ ಮೇಲ್ಗಡೆ ಒಂದು ಸಣ್ಣ ಅಬ್ಬಿ (ಜಲಪಾತ) ಇದೆ, ಅಲ್ಲಿಗೂ ಒಯ್ಯಬಹುದಾ? ಬೆಟ್ಟದ ಬದಿಯಲ್ಲಿ ಅಜ್ಜನ ಕಾಲದ ನೀರಿನ ಕಾಲುವೆ ಇದೆ, ಸುಮಾರು 450 ಮೀಟರ್. ಪಂಪ್‌ಸೆಟ್ ಬಂದ ಮೇಲೆ ಬಿಟ್ಟಿದ್ದೇವೆ. ಅದನ್ನು ಮುಚ್ಚಿ ದಾರಿ ಮಾಡಬಹುದಾ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ, ಸುಮ್ನೆ ಸೇರಿಸಿದಂತೆ, ಅಜ್ಜನ ಕಾಲದ ಕಾಲುವೆಯ ಮಾತು ಬಂದಿದೆ. ನಾನು ಅಲ್ಲೇ ನಿಂತು ಮತ್ತೆ ಓದಿದೆ. ದಯವಿಟ್ಟು ಅದನ್ನು ಮುಚ್ಚಬೇಡಿ. ಸಿಮೆಂಟಿನ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ತಮ್ಮನ ದಾರಿ ಬಹುಶಃ ಆ ಕಾಲುವೆಯ ದಂಡೆ ಮೇಲೆ ಆಗಲೇ ಇದೆ.

ವೀಲ್‌ಚೇರಿಗೂ ಕಾಲುವೆ ನೀರಿಗೂ ಬೇಕಾದ್ದು ಒಂದೇ, ಮೆಲ್ಲಗೆ ಇಳಿಯುವ ನೆಲ. ಇಳಿಜಾರು ಜಾಸ್ತಿ ಆದರೆ ನೀರು ಮಣ್ಣನ್ನು ಕೊರೆದುಕೊಂಡು ಹೋಗುತ್ತೆ. ತೀರಾ ಮಟ್ಟಸವಾದರೆ ನಿಂತು ಹೂಳು ತುಂಬುತ್ತೆ. ಅದಕ್ಕೇ ಹಿಂದಿನವರು ಬೆಟ್ಟದ ಮೈ ಹೇಗೆ ತಿರುಗುತ್ತೋ ಹಾಗೇ ತಿರುಗಿಸಿಕೊಂಡು, ನೀರು ಬಿಟ್ಟು ನೋಡಿ ನೋಡಿ ಕಾಲುವೆ ತೋಡಿದರು. ಕಾಡುಹಾದಿ ಕೆಲಸದಲ್ಲಿ ಅತಿ ಕಷ್ಟದ ಭಾಗ ಅಂದರೆ ಈ ಮಟ್ಟ ಹಿಡಿಯುವುದು. ನಿಮ್ಮಜ್ಜ ಅದನ್ನು ಗುದ್ದಲಿಯಲ್ಲೇ ಮುಗಿಸಿಟ್ಟು ಹೋಗಿದ್ದಾರೆ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ನೆವಾಡಾ ಸಿಟಿ ಎಂಬ ಊರಿನ ಬಳಿ, ಯೂಬಾ ನದಿಯ ದಕ್ಷಿಣ ಕವಲಿನ ಕಣಿವೆ ಇದೆ. 19ನೇ ಶತಮಾನದಲ್ಲಿ ಚಿನ್ನದ ಗಣಿಯವರು ಆ ಕಣಿವೆಯ ಮಗ್ಗುಲಲ್ಲಿ ಉದ್ದಕ್ಕೆ ಕಾಲುವೆ ತೋಡಿದ್ದರು. ಆ ನೀರನ್ನು ಗುಡ್ಡಕ್ಕೆ ರಭಸವಾಗಿ ಹಾಯಿಸಿ, ಮಣ್ಣು ಕರಗಿಸಿ ಚಿನ್ನ ತೆಗೆಯುತ್ತಿದ್ದರು. ಕಾಲಾಂತರದಲ್ಲಿ ಬಳಕೆ ನಿಂತು ಕಾಲುವೆ ಪಾಳು ಬಿತ್ತು. ಮುಂದೆ ಜಾನ್ ಓಲ್ಮ್‌ಸ್ಟೆಡ್ ಎಂಬ ನಿಸರ್ಗಪ್ರೇಮಿಗೆ, ವೀಲ್‌ಚೇರ್ ಬಳಸುವ ಪರಿಚಿತರೊಬ್ಬರು ಕಾಡಿನ ನಡುವೆ ಮಟ್ಟಸವಾದ ದಾರಿ ಹುಡುಕಿಕೊಡಿ ಎಂದು ಕೇಳಿದರು. ಅವರಿಗೆ ಸಿಕ್ಕಿದ್ದು ಈ ಪಾಳು ಕಾಲುವೆ. ಅದೇ ಇಂಡಿಪೆಂಡೆನ್ಸ್ ಟ್ರೇಲ್ ಆಯಿತು. ಆ ದೇಶದಲ್ಲಿ ವೀಲ್‌ಚೇರಿಗೆಂದು ಆದ ಮೊದಲ ಕಾಡುಹಾದಿ ಎಂದು ಅದನ್ನು ಕರೆಯುತ್ತಾರೆ. ದಾರಿ ಕೆಲವು ಕಡೆ ಕಾಲುವೆಯ ತಳದಲ್ಲೇ ಸಾಗುತ್ತೆ, ಕೆಲವು ಕಡೆ ದಂಡೆ ಹತ್ತುತ್ತೆ. ಕೊರಕಲು ಬಂದಲ್ಲಿ ಮರದ ಸೇತುವೆಗಳಿದ್ದವು. ಒಂದು ತೊರೆಯ ಹತ್ತಿರ ವೀಲ್‌ಚೇರ್ ನೀರಿನ ತನಕ ಇಳಿಯಲಿ ಎಂದು ಮರದಲ್ಲೇ ಅಂಕುಡೊಂಕಾದ ರ‍್ಯಾಂಪ್ ಕಟ್ಟಿದ್ದರು. 2020ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಬಂದು ಹಲವು ಮರದ ಸೇತುವೆಗಳು ಸುಟ್ಟುಹೋದವು. ನಿಮ್ಮಲ್ಲಿ ಬೆಂಕಿಗಿಂತ ಗೆದ್ದಲು ಮತ್ತು ಮಳೆಯ ಕಾಟ ಜಾಸ್ತಿ. ಆದ್ದರಿಂದ ಮರದ ಕಟ್ಟಡ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಈಗ ಏರಿನ ಲೆಕ್ಕ. ನಮ್ಮ ದೇಶದ ಮಾರ್ಗಸೂಚಿಯಲ್ಲಿ ಬರುವ 1:12, ಅಂದರೆ 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ, ಮುಖ್ಯವಾಗಿ ಕಟ್ಟಡದ ರ‍್ಯಾಂಪಿಗೆ ಹೇಳಿದ್ದು. ಆಸ್ಪತ್ರೆ ಬಾಗಿಲಿನ ಐದಾರು ಮೀಟರಿಗೆ ಅದು ಸರಿ. ಅದೇ ಏರನ್ನು ಕಾಡಿನಲ್ಲಿ ಇನ್ನೂರು ಮೀಟರ್ ಎಳೆದರೆ ಕೈ ಸೋತುಹೋಗುತ್ತೆ. ಹೊರಾಂಗಣದ ಹಾದಿಗೆಂದೇ ಅಮೆರಿಕ ಸರ್ಕಾರ 2013ರಲ್ಲಿ ಮಾಡಿದ ನಿಯಮ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಅದರ ಪ್ರಕಾರ 1:20ರ ಏರು ಎಷ್ಟು ದೂರ ಬೇಕಾದರೂ ಇರಬಹುದು. 1:12 ಆದರೆ ಹೆಚ್ಚೆಂದರೆ 60 ಮೀಟರ್, ಆಮೇಲೆ ಮಟ್ಟಸವಾದ ತಂಗುಜಾಗ ಬೇಕು. 1:10 ಆದರೆ 9 ಮೀಟರ್, 1:8 ಆದರೆ ಬರೀ 3 ಮೀಟರ್. 1:12ಕ್ಕಿಂತ ಕಡಿದಾದ ಭಾಗ ಒಟ್ಟು ಉದ್ದದ ಶೇ. 30 ಮೀರಬಾರದು. ದಾರಿಯ ಅಗಲ ಕಡೇಪಕ್ಷ 90 ಸೆಂ.ಮೀ. ಇರಬೇಕು. ಎದುರಾಬದುರಾ ಬಂದವರು ದಾಟಿಕೊಳ್ಳಲು 300 ಮೀಟರಿಗೊಮ್ಮೆ ಒಂದೂವರೆ ಮೀಟರ್ ಚೌಕದ ಜಾಗ ಬೇಕು. ನಿಮಗೆ ನಾನು ಹೇಳುವುದು 1.2 ಮೀಟರ್ ಅಗಲ. ಪಕ್ಕದಲ್ಲಿ ಅಕ್ಕನೋ ಮಗುವೋ ಮಾತಾಡಿಕೊಂಡು ನಡೆಯುವಷ್ಟು ಜಾಗ ಇರಬೇಕು, ಅಲ್ವಾ?

ಅಳೆಯಲು ದೊಡ್ಡ ಉಪಕರಣ ಬೇಡ. ಗಾರೆ ಕೆಲಸದವರ ಹತ್ತಿರ ಇರುವ ಲೆವೆಲ್ ಪೈಪ್ ಸಾಕು, ಆ ನೀರು ತುಂಬಿದ ಪಾರದರ್ಶಕ ಕೊಳವೆ. ಒಂದೇ ಎತ್ತರದ ಎರಡು ಕೋಲಿಗೆ ಅಳತೆಪಟ್ಟಿ ಅಂಟಿಸಿ. ಪೈಪಿನೊಳಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಎರಡು ತುದಿಯನ್ನೂ ಕೋಲುಗಳಿಗೆ ಕಟ್ಟಿ. ಒಬ್ಬರು ಇಲ್ಲಿ, ಇನ್ನೊಬ್ಬರು ಸರಿಯಾಗಿ 5 ಮೀಟರ್ ಮುಂದೆ. ಎರಡೂ ಕಡೆ ನೀರು ನಿಂತ ಗುರುತು ಓದಿ. ವ್ಯತ್ಯಾಸ 25 ಸೆಂ.ಮೀ. ಬಂದರೆ ಅದು 1:20. ಹೆಚ್ಚುಕಮ್ಮಿ 40 ಬಂದರೆ 1:12. 50 ಬಂದರೆ 1:10. ಐದೈದು ಮೀಟರಿಗೆ ಒಂದು ಗೂಟ ಹೊಡೆದು, ಗೂಟದ ಮೇಲೆ ಅಳತೆ ಬರೆದುಕೊಂಡು ಹೋಗಿ. 450 ಮೀಟರಿಗೆ 90 ಸಲ ಅಳೆಯಬೇಕಾಗುತ್ತೆ. ಒಂದು ದಿನದ ಕೆಲಸ. ಲೆಕ್ಕ ಬರೆದುಕೊಳ್ಳುವ ಕೆಲಸ ತಮ್ಮನಿಗೆ ಕೊಡಿ. ಬೆಟ್ಟದ ಯಾವ ತಿರುವಿನಲ್ಲಿ ಏನಿದೆ ಅಂತ ಮರದ ತುದಿಯಿಂದ ನೋಡಿದವರು ಅವರು.

ಉದ್ದಕ್ಕಿರುವ ಏರನ್ನು ಎಲ್ಲರೂ ಅಳೆಯುತ್ತಾರೆ, ಅಡ್ಡ ವಾಟ, ಅಂದರೆ ದಾರಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇರುವ ಇಳಿಜಾರು, ಮರೆಯುತ್ತಾರೆ. ನಾನೂ ಮರೆತಿದ್ದೆ. ನನ್ನ ಕೆಲಸದ ಶುರುವಿನ ವರ್ಷಗಳಲ್ಲಿ ಒಂದು ಕೆರೆಯ ಏರಿ ಪಕ್ಕದಲ್ಲಿ ಹಾದಿ ಮಾಡಿಸಿದ್ದೆವು. ಉದ್ದಕ್ಕೆ ಎಲ್ಲೂ 1:20 ಮೀರಿರಲಿಲ್ಲ. ಮಳೆನೀರು ಹರಿದುಹೋಗಲಿ ಅಂತ ಕೆರೆಯ ಕಡೆಗೆ ಚೆನ್ನಾಗಿ ವಾಟ ಕೊಟ್ಟಿದ್ದೆವು. ಪೋಲಿಯೊದಿಂದಾಗಿ ಮೂವತ್ತು ವರ್ಷದಿಂದ ವೀಲ್‌ಚೇರ್ ಬಳಸುತ್ತಿದ್ದ ಒಬ್ಬ ಶಿಕ್ಷಕಿ ಮೊದಲ ದಿನ ಅದರಲ್ಲಿ ಹೋದರು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಅವರ ಎಡಗೈ ಚಕ್ರವನ್ನು ತಳ್ಳುತ್ತಲೇ ಇತ್ತು. ಬಲಗೈ ತಳ್ಳುತ್ತಿರಲಿಲ್ಲ, ಬ್ರೇಕ್ ಹಾಕಿದಂತೆ ಸುಮ್ಮನೆ ಒತ್ತಿ ಹಿಡಿದಿತ್ತು. ನೂರು ಮೀಟರ್ ಆದ ಮೇಲೆ ನಿಂತು ಎಡ ಅಂಗೈ ತೋರಿಸಿದರು. ಹೆಬ್ಬೆರಳಿನ ಬುಡ ಕೆಂಪಾಗಿ ಉಬ್ಬಿತ್ತು. "ಸರ್, ಈ ದಾರಿ ನನ್ನನ್ನ ಕೆರೆಗೆ ಕರೀತಿದೆ" ಅಂದರು. ನಡೆಯುವವನಿಗೆ ಆ ವಾಟ ಇದೆ ಎಂದೇ ತಿಳಿದಿರಲಿಲ್ಲ. ವೀಲ್‌ಚೇರಿನ ಮುಂದಿನ ಸಣ್ಣ ಚಕ್ರಗಳು ಯಾವಾಗಲೂ ತಗ್ಗಿನ ಕಡೆ ತಿರುಗುತ್ತವೆ. ನೇರ ಹೋಗಬೇಕಾದರೆ ಒಂದು ಕೈ ಎರಡು ಕೈಯ ಕೆಲಸ ಮಾಡಬೇಕು. ಮಣ್ಣು, ಜಲ್ಲಿಯ ದಾರಿಗೆ ಅಡ್ಡ ವಾಟ 1:20 ಮೀರಬಾರದು, ಕಾಂಕ್ರೀಟ್ ಅಥವಾ ಹಲಗೆಗೆ 1:48. ನಿಮ್ಮ 1.2 ಮೀಟರ್ ಅಗಲದಲ್ಲಿ ಒಂದು ಅಂಚಿಗಿಂತ ಇನ್ನೊಂದು ಅಂಚು 6 ಸೆಂ.ಮೀ.ಗಿಂತ ತಗ್ಗಿರಬಾರದು. 3 ಸೆಂ.ಮೀ.ಯಲ್ಲಿ ಮುಗಿಸಿದರೆ ಇನ್ನೂ ಒಳ್ಳೆಯದು. ಇಳಿಜಾರು ಕಾಲುವೆಯ ಕಡೆಗಿರಲಿ, ಕೊರಕಲಿನ ಕಡೆಗೆ ಬೇಡ. ಆಗ ಚಕ್ರ ಎಳೆದರೂ ಬೆಟ್ಟದ ಕಡೆಗೆ ಎಳೆಯುತ್ತೆ.

ಕಾಲುವೆಯನ್ನು ಮುಚ್ಚಬೇಡಿ ಅಂದಿದ್ದು ಇದಕ್ಕೇ. ನಿಮ್ಮ ಕಡೆಯ ಮಳೆಗೆ ಬೆಟ್ಟದಿಂದ ಇಳಿಯುವ ನೀರೆಲ್ಲ ಮೊದಲು ಆ ಕಾಲುವೆಗೆ ಬೀಳುತ್ತೆ. ಅದು ತೆರೆದಿದ್ದರೆ ದಾರಿಯ ಚರಂಡಿ ಅದೇ ಆಗುತ್ತೆ. ಮುಚ್ಚಿದರೆ ನೀರು ದಾರಿ ಮೇಲೇ ಹರಿಯುತ್ತೆ. ಮೊದಲ ಮಳೆಗಾಲದಲ್ಲೇ ನಿಮ್ಮ ದುಡ್ಡು ಕೊಚ್ಚಿಕೊಂಡು ಹಳ್ಳ ಸೇರುತ್ತೆ. ಕಾಲುವೆಯ ಹೂಳು ತೆಗೆಸಿ. ಇಪ್ಪತ್ತು ಮೀಟರಿಗೊಮ್ಮೆಯಾದರೂ ದಾರಿಯ ಅಡಿಯಲ್ಲಿ ಮೋರಿ ಪೈಪ್ ಹಾಕಿ ನೀರನ್ನು ಕೆಳಕ್ಕೆ ಬಿಡಿ. ಪೈಪ್ ನೀರು ಬೀಳುವ ಕಡೆ ನಾಲ್ಕು ದಪ್ಪ ಕಲ್ಲು ಜೋಡಿಸಿ, ಇಲ್ಲದಿದ್ದರೆ ಅಲ್ಲೇ ಗುಂಡಿ ಬಿದ್ದು ದಂಡೆ ಕುಸಿಯುತ್ತೆ. ಚಾರಣದ ದಾರಿಗಳಲ್ಲಿ ನೀರು ತಿರುಗಿಸಲು ಅಡ್ಡಡ್ಡ ಕಲ್ಲಿನ ಸಾಲು ಹೂಳುತ್ತಾರೆ. ನಿಮ್ಮಲ್ಲಿ ಅದನ್ನು ಮಾಡಿಸಬೇಡಿ. ನಡೆಯುವವರಿಗೆ ಅದು ಒಂದು ಹೆಜ್ಜೆ, ವೀಲ್‌ಚೇರಿಗೆ ಗೋಡೆ.

ದಂಡೆ ಎಲ್ಲಾ ಕಡೆ 1.2 ಮೀಟರ್ ಅಗಲ ಇರಲಿಕ್ಕಿಲ್ಲ. ಕಿರಿದಾದ ಕಡೆ ಕೆಳಗಿನ ಬದಿಗೆ ಮಣ್ಣು ಸುರಿದು ಅಗಲ ಮಾಡಲು ಹೋಗಬೇಡಿ, ಹೊಸ ಮಣ್ಣು ಮಳೆಗೆ ನಿಲ್ಲಲ್ಲ. ಅಲ್ಲಿ ಕಾಲುವೆಯ ಮೇಲೆ ಚಪ್ಪಡಿ ಹಾಸಿ ದಾರಿಯನ್ನು ಬೆಟ್ಟದ ಕಡೆಗೆ ಸರಿಸಿ. ಚಪ್ಪಡಿಗಳ ನಡುವಿನ ಸಂದು 12 ಮಿ.ಮೀ. ಮೀರಬಾರದು, ಮೀರಿದರೆ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತೆ. ಕೊರಕಲಿನ ಅಂಚಿಗೆ 10 ಸೆಂ.ಮೀ. ಎತ್ತರದ ಜಂಬಿಟ್ಟಿಗೆ ಕಲ್ಲಿನ ಸಾಲು ಸಾಕು. ನಿಜವಾಗಿ ಆಳ ಇರುವ ಒಂದೆರಡು ಕಡೆ ಮಾತ್ರ ಕಟಕಟೆ ಹಾಕಿ. ವೀಲ್‌ಚೇರಿನಲ್ಲಿ ಕೂತವರ ಕಣ್ಣು ನೆಲದಿಂದ ನಾಲ್ಕು ಅಡಿಯ ಆಸುಪಾಸಿನಲ್ಲಿ ಇರುತ್ತೆ. ಕಟಕಟೆಯ ಮೇಲಿನ ಅಡ್ಡಪಟ್ಟಿ ಸರಿಯಾಗಿ ಅಲ್ಲೇ ಬಂದರೆ ಇಡೀ ಕಣಿವೆ ಕಾಣಿಸದೇ ಹೋಗುತ್ತೆ. ಎಷ್ಟೋ ವ್ಯೂಪಾಯಿಂಟುಗಳಲ್ಲಿ ನಾನಿದನ್ನು ನೋಡಿದ್ದೇನೆ. ಅಷ್ಟು ದೂರ ಕಷ್ಟಪಟ್ಟು ಬಂದವರು ಕಬ್ಬಿಣದ ಪಟ್ಟಿ ನೋಡಿಕೊಂಡು ವಾಪಸ್ ಹೋಗುತ್ತಾರೆ. ತಮ್ಮನನ್ನು ಆ ಜಾಗದಲ್ಲಿ ಕೂರಿಸಿ, ಅವರಿಗೆ ಹಳ್ಳ ಕಾಣುವ ಹಾಗೆ ಪಟ್ಟಿಯ ಎತ್ತರ ಗುರುತು ಮಾಡಿ.

ನೆಲಕ್ಕೆ ಏನು ಹಾಕಬೇಕು ಅಂತ ಕೇಳಿದ್ದೀರಿ. ಗಟ್ಟಿಯಾಗಿರಬೇಕು, ಒತ್ತಿದರೆ ಸರಿಯಬಾರದು. ಇಷ್ಟೇ ನಿಯಮ. ಹೊಳೆಯ ಗುಂಡುಕಲ್ಲು ನೋಡಲು ಚೆಂದ, ಆದರೆ ಚಕ್ರದಡಿ ಉರುಳುತ್ತೆ. ಮರಳು ಹೂತುಕೊಳ್ಳುತ್ತೆ. ಕ್ರಷರಿನಿಂದ ಬರುವ ಮೂಲೆಮೂಲೆ ಇರುವ ಸಣ್ಣ ಜಲ್ಲಿ, ಅದರ ಪುಡಿಯ ಸಮೇತ, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತೆ. 10 ಮಿ.ಮೀ.ಗಿಂತ ದಪ್ಪ ಜಲ್ಲಿ ಬೇಡ. ನಿಮ್ಮ ಸುತ್ತಲೇ ಒಳ್ಳೆಯ ಕೆಂಪು ಮೊರಂ ಸಿಗುವುದಾದರೆ ಅದನ್ನು ಕೆಳಗಿನ ಪದರಕ್ಕೆ ಹಾಕಿ, ಮೇಲೆ ಜಲ್ಲಿಪುಡಿ. ಎರಡೂ ಸೇರಿ 10 ಸೆಂ.ಮೀ. ನೀರು ಚಿಮುಕಿಸಿ, ನೆಲ ಹಸಿ ಇರುವಾಗಲೇ ಸಣ್ಣ ರೋಲರಿನಿಂದ ತುಳಿಸಿ. ಲೆಕ್ಕ ಹೀಗೆ: 450 ಮೀಟರ್ ಉದ್ದ, 1.2 ಅಗಲ, 0.1 ದಪ್ಪ ಅಂದರೆ 54 ಘನ ಮೀಟರ್, ಸುಮಾರು 1,900 ಘನ ಅಡಿ. ತುಳಿದಾಗ ಕುಗ್ಗುವುದರಿಂದ ಕಾಲು ಭಾಗ ಜಾಸ್ತಿ ಹಿಡಿಯಿರಿ. 150 ಘನ ಅಡಿಯ ಸಣ್ಣ ಟಿಪ್ಪರ್ ಆದರೆ ಹದಿನಾರು ಲೋಡ್. ಟಿಪ್ಪರ್ ಕಾಡಿನೊಳಗೆ ಬರದಂತೆ ನೋಡಿಕೊಳ್ಳಿ. ತೋಟದ ಅಂಚಿನಲ್ಲಿ ಸುರಿಸಿ, ಅಲ್ಲಿಂದ ಕೈಗಾಡಿಯಲ್ಲಿ ಸಾಗಿಸಿ. ಜಲ್ಲಿ ತುಂಬಿದ ಕೈಗಾಡಿ ಸಲೀಸಾಗಿ ಹೋಗದ ಕಡೆ ವೀಲ್‌ಚೇರೂ ಹೋಗಲ್ಲ. ಆ ಜಾಗಗಳನ್ನು ಗುರುತು ಹಾಕಿಕೊಂಡು ಸರಿಮಾಡಿ.

ಸಿಮೆಂಟ್ ಎಲ್ಲೂ ಬೇಡ ಅಂತ ನಾನು ಹಟ ಹಿಡಿಯಲ್ಲ. ಅಂಗಳದಿಂದ ಹೊರಡುವ ಕಡೆ, ನೀರು ಸದಾ ಜಿನುಗುವ ಒಂದೆರಡು ಕಡೆ, ಕಸಬರಿಗೆಯಿಂದ ಅಡ್ಡಗೆರೆ ಎಳೆದು ಒರಟು ಮಾಡಿದ ಕಾಂಕ್ರೀಟ್ ಒಳ್ಳೆಯದೇ. ಆದರೆ ಮಲೆನಾಡಿನ ನೆರಳಲ್ಲಿ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟುವುದು ನಿಮಗೆ ಗೊತ್ತೇ ಇದೆ. ಒದ್ದೆ ಪಾಚಿಯ ಮೇಲೆ ಇಳಿಯುವಾಗ ವೀಲ್‌ಚೇರಿಗೆ ಬ್ರೇಕ್ ಅಂದರೆ ಕೂತವರ ಅಂಗೈ. ಕೈಯೂ ಒದ್ದೆ, ಹಿಡಿಯುವ ರಿಮ್ಮೂ ಒದ್ದೆ. ಇದರಲ್ಲಿ ತುಂಬಾ ಅಪಾಯ ಇದೆ. ಅಪ್ಪನ ಬೇಸರಕ್ಕೂ ಕಾರಣ ಇದೆ. ಜಲ್ಲಿಪುಡಿಯ ದಾರಿ ಬೇಡ ಅನ್ನಿಸಿದರೆ ನಾಲ್ಕು ವರ್ಷದಲ್ಲಿ ಕಾಡೇ ವಾಪಸ್ ತೆಗೆದುಕೊಳ್ಳುತ್ತೆ. ಕಾಂಕ್ರೀಟ್ ಹಾಗಲ್ಲ.

ಬೇರುಗಳ ವಿಷಯ. ಅಮೆರಿಕದ ನಿಯಮ ಮಣ್ಣಿನ ದಾರಿಯಲ್ಲಿ 5 ಸೆಂ.ಮೀ. ಎತ್ತರದ ಅಡೆತಡೆಯನ್ನೂ ಒಪ್ಪುತ್ತೆ. ನಮಗೆ ಅದು ಜಾಸ್ತಿಯಾಯಿತು. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಆಸ್ಪತ್ರೆ ಮಾದರಿಯ ಮಡಚುವ ಕುರ್ಚಿ. ಮುಂದೆ ಗಟ್ಟಿ ರಬ್ಬರಿನ ಸಣ್ಣ ಚಕ್ರ. ಹೆಬ್ಬೆರಳು ಗಾತ್ರದ ಬೇರಿಗೆ ಅದು ತಟ್ಟನೆ ನಿಲ್ಲುತ್ತೆ, ಕೂತವರು ಮುಂದಕ್ಕೆ ಜಾರುತ್ತಾರೆ. ಸೊಂಟದ ಹಿಡಿತ ಇಲ್ಲದವರು ಆ ಕ್ಷಣದಲ್ಲಿ ಕಾಲೂರಿ ತಡೆದುಕೊಳ್ಳಲಾರರು. ಎಲ್ಲೂ ಒಂದು, ಒಂದೂವರೆ ಸೆಂ.ಮೀ. ಮೀರದಂತೆ ನೋಡಿಕೊಳ್ಳಿ. ಹಾಗಂತ ಹಲಸಿನ ಬೇರು ಕಡಿಯಬೇಡಿ. ಬೇರಿನ ಎರಡೂ ಕಡೆ ಎರಡು ಮೂರು ಮೀಟರ್ ಉದ್ದಕ್ಕೆ ಜಲ್ಲಿ ತುಂಬಿ ದಾರಿಯನ್ನೇ ಮೆಲ್ಲಗೆ ಎತ್ತರಿಸಿ. ಬೇರಿಗೆ ಉಸಿರಾಡಲು ಜಾಗ ಇರುತ್ತೆ, ಚಕ್ರಕ್ಕೆ ಏರು ಗೊತ್ತಾಗಲ್ಲ. ನಿಮ್ಮ ತಮ್ಮ ಒಬ್ಬರೇ ಓಡಾಡಲು ಬಯಸಿದರೆ ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಬೋಲ್ಟ್ ಎಂಬ ಬ್ಯಾಟರಿಯ ಮುಂಗಾಲಿ ಇದೆ. ಅದೇ ಕಂಪನಿಯ ಕುರ್ಚಿಗೆ ಜೋಡಿಸಿಕೊಳ್ಳುವಂಥದ್ದು. ಗಾಡಿಯ ಉದ್ದ ಹೆಚ್ಚುವುದರಿಂದ ತಿರುಗಲು ಜಾಗ ಜಾಸ್ತಿ ಬೇಕಾಗುತ್ತೆ. ದಾರಿಯ ಕೊನೆಯಲ್ಲಿ ಎರಡೂವರೆ ಮೀಟರ್ ಚೌಕವಾದರೂ ಬಿಡಿ.

ದನ ನುಗ್ಗದಂತೆ ಬೇಲಿಯ ಬಾಯಿಗೆ ಅಡ್ಡ ಇಡುವ ದಣಪೆಗಳ ಬಗ್ಗೆ ನೀವೇನೂ ಬರೆದಿಲ್ಲ. ಆದರೆ ನಿಮ್ಮ ತೋಟದ ಬೇಲಿಗೆ ಒಂದಾದರೂ ದಣಪೆಯೋ ತಡಮೆಯೋ ಇದ್ದೇ ಇರುತ್ತೆ. ದನ ತಡೆಯಲು ಮಾಡಿದ್ದು ವೀಲ್‌ಚೇರನ್ನೂ ತಡೆಯುತ್ತೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಕುರಿ ಹೊಲಗಳ ಬೇಲಿ ದಾಟಲು ಇಂಥವೇ ಮೆಟ್ಟಿಲುಗಳಿದ್ದವು. ಅವು ಇಲ್ಲದ ಹಾದಿಗಳನ್ನೆಲ್ಲ ಹುಡುಕಿ, ಇದ್ದ ಕಡೆ ಗೇಟು ಮಾಡಿ, ಒಂದು ಸರಣಿಯನ್ನೇ ಮಾಡಿದ್ದಾರೆ. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ "ದಣಪೆ ಇಲ್ಲದ ಮೈಲುಗಳು". ಎಷ್ಟೋ ಕಡೆ ಅವರು ದಾರಿ ಹೊಸದಾಗಿ ಮಾಡಲಿಲ್ಲ, ಅಡ್ಡ ಇದ್ದದ್ದನ್ನು ತೆಗೆದರು ಅಷ್ಟೇ. ನೀವು ಒಂದು ಮೀಟರ್ ಅಗಲದ ಗೇಟು ಇಡಿಸಿ. ಅಗುಳಿ ಕೂತವರ ಕೈಗೆ ಎಟುಕಬೇಕು, ಒಂದೇ ಕೈಯಲ್ಲಿ ತೆಗೆಯಲು ಬರಬೇಕು.

ಕಾಲುವೆ ಮಧ್ಯೆ ಎಲ್ಲಾದರೂ ಒಡೆದಿದ್ದರೆ ಸಂಕ (ಕಾಲುಸೇತುವೆ) ಹಾಕಬೇಕಾಗುತ್ತೆ. ಅಡಿಕೆ ಮರದ ದಬ್ಬೆಯ ಸಂಕ ಬೇಡ. ಗಟ್ಟಿ ಹಲಗೆಗಳನ್ನು ಹೋಗುವ ದಿಕ್ಕಿಗೆ ಅಡ್ಡಲಾಗಿ ಜೋಡಿಸಿ, ಉದ್ದುದ್ದ ಜೋಡಿಸಿದರೆ ಸಂದಿನಲ್ಲಿ ಚಕ್ರ ಇಳಿಯುತ್ತೆ. ನೆಲ ಮತ್ತು ಸಂಕ ಸೇರುವ ಕಡೆ ಮಳೆಗೆ ಮಣ್ಣು ಕುಸಿದು ಮೆಟ್ಟಿಲಾಗುತ್ತೆ. ವರ್ಷಕ್ಕೆರಡು ಸಲ ಅದನ್ನು ತುಂಬಿ.

ಮನೆಯಿಂದ ಕಾಲುವೆಗೆ ಹತ್ತುವುದು ಹೇಗೆ? ಅಂಗಳಕ್ಕಿಂತ ಕಾಲುವೆ ಎಷ್ಟು ಎತ್ತರದಲ್ಲಿದೆ ಅಂತ ನೀವು ಹೇಳಿಲ್ಲ. 6 ಮೀಟರ್ ಇದೆ ಅಂದುಕೊಳ್ಳೋಣ. 1:20ರಲ್ಲಿ ಹತ್ತಲು 120 ಮೀಟರ್ ದಾರಿ ಬೇಕು, ಬೆಟ್ಟದ ಮೈಗೆ ಓರೆಯಾಗಿ. ಜಾಗ ಇಲ್ಲದಿದ್ದರೆ 1:12ರಲ್ಲಿ 72 ಮೀಟರ್. ಆಗ ಇಪ್ಪತ್ತು ಮೀಟರಿಗೊಮ್ಮೆ ಮಟ್ಟಸವಾದ ಜಾಗ ಮಾಡಿ, ನಿಯಮದ 60ಕ್ಕೆ ಕಾಯಬೇಡಿ. ಇನ್ನೂ ಒಂದು ಉಪಾಯ ಇದೆ. ಕಾಲುವೆಯ ಯಾವುದಾದರೂ ಭಾಗಕ್ಕೆ ಜೀಪ್ ಹೋಗುವ ಹಳೇ ಗಾಡಿದಾರಿ ಇದೆಯಾ ನೋಡಿ. ಇದ್ದರೆ ಏರನ್ನು ಜೀಪ್ ಹತ್ತಲಿ, ಕಾಡನ್ನು ತಮ್ಮ ನೋಡಲಿ. ಅದರಲ್ಲಿ ಕೀಳೇನೂ ಇಲ್ಲ. ಕಾಡಿನೊಳಗೆ ಏನಾದರೂ ಹೆಚ್ಚುಕಮ್ಮಿ ಆದರೆ ಬೇಗ ಹೊರಗೆ ಕರೆತರಲೂ ಅದೇ ದಾರಿ ಬೇಕು.

ಅಬ್ಬಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಬಂಡೆ ಒಡೆಸಿ ದಾರಿ ಮಾಡಬೇಡಿ. ಕಾಡಿನ ಪ್ರತಿ ಮೂಲೆಯನ್ನೂ ಬದಲಾಯಿಸಬೇಕು ಅಂತ ಯಾವ ನಿಯಮವೂ ಹೇಳಲ್ಲ. ಅಮೆರಿಕದ 1964ರ ಕಾಯ್ದೆ ಘೋಷಿತ ಕಾಡುಗಳಲ್ಲಿ ಸೈಕಲ್ಲನ್ನೂ ಬಿಡಲ್ಲ. 1990ರ ಅಂಗವಿಕಲರ ಕಾಯ್ದೆ ಅದೇ ಕಾಡಿನಲ್ಲಿ ವೀಲ್‌ಚೇರಿಗೆ ಅವಕಾಶ ಇದೆ ಎಂದು ಸ್ಪಷ್ಟ ಮಾಡಿತು. ಜೊತೆಗೆ, ಅದಕ್ಕಾಗಿ ಕಾಡನ್ನು ಬದಲಾಯಿಸಬೇಕಾಗಿಲ್ಲ ಎಂದೂ ಹೇಳಿತು. ಇದು ನನಗೆ ಸರಿ ಅನ್ನಿಸುತ್ತೆ. ದಾರಿ ಬದಲಾಗದ ಕಡೆ ಕುರ್ಚಿ ಬದಲಾಗಬಹುದು. ಫ್ರಾನ್ಸಿನಲ್ಲಿ 1987ರಲ್ಲಿ ಜೋಯೆಲ್ ಕ್ಲೋದೆಲ್ ಎಂಬ ಪರ್ವತ ಮಾರ್ಗದರ್ಶಿ, ಸ್ನಾಯುರೋಗ ಇದ್ದ ಹತ್ತಿರದ ಸಂಬಂಧಿ ಹುಡುಗನೊಬ್ಬನನ್ನು ಬೆಟ್ಟಕ್ಕೆ ಕರೆದೊಯ್ಯಲು ಒಂದೇ ಚಕ್ರದ ಕುರ್ಚಿ ಮಾಡಿದರು. ಮುಂದೊಬ್ಬರು, ಹಿಂದೊಬ್ಬರು ಹಿಡಿದು ಸಾಗಿಸುತ್ತಾರೆ. ಜೋಯೆಲೆಟ್ ಅಂತ ಅದರ ಹೆಸರು. ಒಂದೇ ಚಕ್ರ ಆದ್ದರಿಂದ ಕಾಲುಹಾದಿಯ ಅಗಲ ಸಾಕು. ಕಡಿದಾದ ಕಡೆ ಹಗ್ಗ ಹಿಡಿಯಲು ಇನ್ನಿಬ್ಬರು ಬೇಕು. ಮೊದಲು ಖಾಲಿ ಕುರ್ಚಿಯಲ್ಲಿ, ಆಮೇಲೆ ಅಕ್ಕಿ ಮೂಟೆ ಇಟ್ಟು ಅಭ್ಯಾಸ ಮಾಡಬೇಕು.

ಸುಮ್ನೆ ನಾಲ್ಕು ಜನ ಎತ್ತಿಕೊಂಡು ಹೋಗ್ತೀವಿ ಅನ್ನುವವರು ನಿಮ್ಮೂರಲ್ಲೂ ಇರುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಶ್ರವಣಬೆಳಗೊಳದಲ್ಲಿ ವಯಸ್ಸಾದವರು ಡೋಲಿಯಲ್ಲಿ ಬೆಟ್ಟ ಹತ್ತುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ತಮ್ಮನೇ ಕೇಳಬೇಕು, ನೀವು ತೀರ್ಮಾನಿಸಬಾರದು. ಎತ್ತುವಾಗ ಕೈ ಜಾರಿದರೆ ಬೆನ್ನಿಗೆ ಮತ್ತೆ ಪೆಟ್ಟು. ಅಬ್ಬಿಯ ತನಕ ಹೋಗಲಾಗದಿದ್ದರೂ ಅದರ ಸದ್ದು ಚೆನ್ನಾಗಿ ಕೇಳುವ, ಗಾಳಿ ಬಂದಾಗ ತುಂತುರು ಮುಖಕ್ಕೆ ತಾಗುವ ಒಂದು ಜಾಗ ಕಾಲುವೆಯ ತಲೆಯ ಹತ್ತಿರ ಇದ್ದೇ ಇರುತ್ತೆ. ಕಾಲುವೆಗೆ ನೀರು ಅಲ್ಲಿಂದಲೇ ಬರುತ್ತಿತ್ತಲ್ವಾ? ದಾರಿಯನ್ನು ಅಲ್ಲಿ ಮುಗಿಸಿ.

ಕಾನೂನು. ಮೊದಲು ಕಾಲುವೆ ಯಾರ ಜಾಗದಲ್ಲಿದೆ ನೋಡಿ. ಮಾಲ್ಕಿ (ಸ್ವಂತ) ಜಮೀನಾದರೆ ಚಿಂತೆ ಕಡಿಮೆ. ಸೊಪ್ಪಿನ ಬೆಟ್ಟದಲ್ಲಿದ್ದರೆ ಸೊಪ್ಪು, ದರಕು (ಒಣಗಿದೆಲೆ) ತರುವ ಹಕ್ಕು ನಿಮ್ಮದು, ಭೂಮಿ ನಿಮ್ಮದಲ್ಲ. ಅಲ್ಲಿ ದಾರಿ ಅಗಲ ಮಾಡುವುದು, ಜಲ್ಲಿ ಹಾಕುವುದು, ಮರ ಮುಟ್ಟುವುದು ಯಾವುದನ್ನೂ ಕೇಳದೆ ಮಾಡಬೇಡಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಲ್ಲಿ ಅದರ ಹೆಸರು ಬದಲಾಗಿದೆ) ಅಡ್ಡ ಬರುತ್ತೆ. ಸರ್ವೆ ನಂಬರ್, ಕೈನಕ್ಷೆ, ಗೂಟಗಳ ಅಳತೆ ಇಟ್ಟುಕೊಂಡು ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ಕೇಳಿ. ಗ್ರಾಮ ಅರಣ್ಯ ಸಮಿತಿ ಇದ್ದರೆ ಅವರ ಮೂಲಕ ಹೋಗಿ. ಮರ ಕಡಿಯಲ್ಲ, ಬೆಟ್ಟದ ಭಾಗದಲ್ಲಿ ಸಿಮೆಂಟ್ ಹಾಕಲ್ಲ, ಹಳೇ ಕಾಲುವೆಯ ಹೂಳು ತೆಗೆದು ದಂಡೆ ಸರಿಪಡಿಸುತ್ತೇವೆ ಎಂದು ಬರೆಯಿರಿ. ಹೊಸ ರಸ್ತೆಯ ಅರ್ಜಿಗಿಂತ ಇದು ಬೇರೆಯೇ ಕೆಲಸ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೇ ಕಲಂ ಸರ್ಕಾರಿ ಮಾತ್ರವಲ್ಲ, ಖಾಸಗಿ ಸೇವೆಗಳೂ ಎಲ್ಲರಿಗೂ ಎಟುಕುವಂತಿರಬೇಕು ಅನ್ನುತ್ತೆ. ಹೋಂಸ್ಟೇ ನಡೆಸುವವರು ನೀವು, ಅರ್ಜಿಯಲ್ಲಿ ಅದನ್ನೂ ಕಾಣಿಸಿ.

ಬೆನ್ನುಹುರಿಗೆ ಪೆಟ್ಟಾದವರನ್ನು ಕಾಡಿಗೆ ಕರೆದೊಯ್ಯುವಾಗ ಕೆಲವು ವಿಷಯ ಮನೆಯವರಿಗೂ ಹೊಳೆಯಲ್ಲ. ಉಂಬಳ (ಜಿಗಣೆ) ಕಚ್ಚಿದರೆ ನಮಗೆ ಸ್ವಲ್ಪ ಹೊತ್ತಿಗೆ ತುರಿಕೆ ಬರುತ್ತೆ, ತಮ್ಮನಿಗೆ ಅದೂ ಗೊತ್ತಾಗಲ್ಲ. ಬಿಸಿಲಿಗೆ ಕಾದ ಬಂಡೆಗೆ ಕಾಲು ತಾಗಿದರೂ ಗೊತ್ತಾಗಲ್ಲ. ಕಾಲು ಪೂರ್ತಿ ಮುಚ್ಚುವ ಸಾಕ್ಸ್ ಹಾಕಿಸಿ, ವಾಪಸ್ ಬಂದ ಕೂಡಲೇ ಪಾದ, ಮೀನಖಂಡ, ಸೊಂಟ ನೋಡಿ. ಕುಲುಕಾಟಕ್ಕೆ ಚರ್ಮ ಒತ್ತಿ ಹುಣ್ಣಾಗುವ ಅಪಾಯ ಇದೆ, ಒಳ್ಳೆಯ ಕುಶನ್ ಇಲ್ಲದೆ ಹೊರಡಬೇಡಿ. ಸಂಜೆ ಹೊತ್ತಲ್ಲಿ ಕಾಡುಕೋಣ ಇಳಿಯುವ ಜಾಗವಾದರೆ ನಾಲ್ಕು ಗಂಟೆಗೇ ವಾಪಸ್ ಹೊರಡಿ. ಜೊತೆಗೆ ಯಾವಾಗಲೂ ಒಬ್ಬರು ಇರಲಿ.

ಹೋಂಸ್ಟೇಗೆ ಬರುವವರೆಲ್ಲ ವೀಲ್‌ಚೇರಿನವರೇ ಆಗಿರಲ್ಲ. ಪಕ್ಕಗಾಲಿ ಇರುವ ಸ್ಕೂಟರಿನಲ್ಲಿ ಬಂದು ಊರುಗೋಲು ಹಿಡಿಯುವವರಿದ್ದಾರೆ, ಮಂಡಿನೋವಿನ ಅಜ್ಜಿಯಂದಿರಿದ್ದಾರೆ. ಊರುಗೋಲಿನವರಿಗೆ ಉದ್ದನೆಯ ರ‍್ಯಾಂಪಿಗಿಂತ ಹಿಡಿಕೆ ಇರುವ ನಾಲ್ಕು ತಗ್ಗು ಮೆಟ್ಟಿಲು ಎಷ್ಟೋ ಸಲ ಸುಲಭ. ಜಾಗ ಇದ್ದರೆ ಎರಡೂ ಇಡಿ. 60 ಮೀಟರಿಗೊಂದು ಬೆಂಚು ಇರಲಿ, ಒಂದೂವರೆ ಅಡಿ ಎತ್ತರ, ಬೆನ್ನಿಗೆ ಒರಗು. ಕೈಹಿಡಿ ಖಂಡಿತ ಬೇಕು, ಅದಿಲ್ಲದೆ ವಯಸ್ಸಾದವರಿಗೆ ಏಳಲು ಆಗಲ್ಲ. ಬೆಂಚಿನ ಪಕ್ಕದಲ್ಲಿ ಒಂದು ಮೀಟರ್ ಖಾಲಿ ಬಿಡಿ. ವೀಲ್‌ಚೇರಿನವರು ದಾರಿಗೆ ಅಡ್ಡವಾಗಿ, ಎಲ್ಲರ ಎದುರಿಗೆ ನಿಲ್ಲುವ ಹಾಗೆ ಆಗಬಾರದು, ಸಾಲಿನಲ್ಲೇ ಕೂರಬೇಕು. ಇನ್ನು ಶೌಚಾಲಯ. ದಾರಿ ಎಷ್ಟೇ ಚೆನ್ನಾಗಿರಲಿ, ಶೌಚಾಲಯಕ್ಕೆ ಒಂದು ಮೆಟ್ಟಿಲಿದ್ದರೆ ಅವರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ನನ್ನೆದುರೇ ಇದನ್ನು ಹೇಳಿದವರು ಒಬ್ಬಿಬ್ಬರಲ್ಲ. 90 ಸೆಂ.ಮೀ. ಬಾಗಿಲು, ಹೊರಗೆ ತೆರೆಯುವಂಥದ್ದು, ಒಳಗೆ ಕುರ್ಚಿ ತಿರುಗುವಷ್ಟು ಜಾಗ. ದುಡ್ಡು ಕಡಿಮೆ ಇದ್ದರೆ ದಾರಿಯ ಅರ್ಧ ಮುಂದಿನ ವರ್ಷಕ್ಕೆ ಬಿಡಿ, ಶೌಚಾಲಯ ಈ ವರ್ಷ ಮಾಡಿಸಿ.

ದಾರಿಯ ಬಾಯಲ್ಲಿ ಒಂದು ಫಲಕ ಹಾಕಿ. "ಸುಲಭ ದಾರಿ" ಅಂತ ಬರೆಯಬೇಡಿ. ಯಾರಿಗೆ ಸುಲಭ? ಒಟ್ಟು ಉದ್ದ, ನೆಲ ಯಾವುದು, ಅತಿ ಕಿರಿದಾದ ಕಡೆ ಎಷ್ಟು ಅಗಲ, ಅತಿ ಕಡಿದಾದ ಏರು ಎಷ್ಟು, ಅದು ಎಷ್ಟು ಮೀಟರ್ ಇದೆ, ಅಡ್ಡ ವಾಟ ಎಷ್ಟು, ಬೆಂಚು ಎಲ್ಲೆಲ್ಲಿ. ಇಷ್ಟು ಬರೆಯಿರಿ. ತನ್ನ ಕೈಗೆ ಎಷ್ಟು ಆಗುತ್ತೆ ಅಂತ ವೀಲ್‌ಚೇರಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅವರೇ ತೀರ್ಮಾನಿಸುತ್ತಾರೆ. ಬುಕ್ ಮಾಡಲು ಕೇಳುವವರಿಗೆ ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸುವಾಗ ಅತಿ ಕಷ್ಟದ ಜಾಗದ ಫೋಟೊ ಮೊದಲು ಕಳಿಸಿ, ಅಳತೆಗೆ ಪಕ್ಕದಲ್ಲಿ ಒಂದು ಕೋಲು ಇಟ್ಟು. ಜೂನಿನಿಂದ ಮಳೆ ಬಿಡುವವರೆಗೆ ದಾರಿ ಮುಚ್ಚಿರುತ್ತೆ ಅಂತಲೂ ತಿಳಿಸಿ. ತೆರೆದಿರುವ ದಿನಗಳಲ್ಲಿ ಬೆಳಿಗ್ಗೆ ಒಂದು ಸಲ ದರಕು ಗುಡಿಸಿ. ಒಣಗಿದೆಲೆಯ ಕೆಳಗೆ ಗುಂಡಿ ಕಾಣಲ್ಲ.

ಕೆಲಸ ಈ ಮಳೆಗಾಲದಲ್ಲೇ ಶುರು ಮಾಡಬಹುದು, ಗುದ್ದಲಿ ಇಲ್ಲದೆ. ಜೋರು ಮಳೆ ನಿಂತ ಅರ್ಧ ಗಂಟೆಗೆ ಕಾಲುವೆ ಗುಂಟ ನಡೆದು, ನೀರು ಎಲ್ಲಿ ದಂಡೆ ದಾಟುತ್ತಿದೆ, ಎಲ್ಲಿ ನಿಂತಿದೆ ಅಂತ ನೋಡಿ ಬಣ್ಣದ ಬಟ್ಟೆ ಕಟ್ಟಿ ಬನ್ನಿ. ಮೊಬೈಲಿನಲ್ಲಿ ವಿಡಿಯೊ ಮಾಡಿ ತಮ್ಮನಿಗೆ ತೋರಿಸಿ. ಅಕ್ಟೋಬರ್ ಕೊನೆಗೆ ನೆಲ ಒಣಗಿದಾಗ ಲೆವೆಲ್ ಪೈಪ್ ಹಿಡಿದು ಅಳೆಯಿರಿ. ಮೊದಲ 50 ಮೀಟರ್ ಮಾತ್ರ ಮಾಡಿ, ತಮ್ಮನನ್ನು ಅದರ ಮೇಲೆ ಹೋಗಿಬರಲು ಬಿಡಿ, ಅವರು ಹೇಳಿದ್ದನ್ನೆಲ್ಲ ಸರಿಮಾಡಿದ ಮೇಲೆ ಮುಂದಿನದಕ್ಕೆ ಕೈ ಹಾಕಿ. ಅಳತೆಯ ಪಟ್ಟಿ ಸಿದ್ಧವಾದಾಗ ನನಗೂ ಒಂದು ಪ್ರತಿ ಕಳಿಸಿ, ಮೋರಿ ಪೈಪುಗಳು ಎಲ್ಲೆಲ್ಲಿ ಬರಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.